ಎದುರು ಮನೆಯ ಹುಡುಗ ಹೇಗೆ?

ಬಾಡಿಗೆ ಮನೆ ಹುಡುಕಿಕೊಂಡು ಬರುವವರು ಮೊದಲು ಕೇಳುವುದು ನೀರಿನ ವಿಷಯ. ಕಾವೇರಿ ನೀರು ಬರುತ್ತದೆಯೇ, ಬೋರ್ ಇದೆಯೇ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಬೇಕೇ ಎಂದು. ಜೋಗುಪಾಳ್ಯದ ನಮ್ಮ ಬೀದಿಯಲ್ಲಿ ಇಷ್ಟು ವರ್ಷ ಸಂಸಾರ ಮಾಡಿ ನಾನು ಖಚಿತವಾಗಿ ತಿಳಿದುಕೊಂಡಿರುವ ಕೆಲವೇ ಸಂಗತಿಗಳಲ್ಲಿ ಇದೂ ಒಂದು. ಆ ದಿನ ಬೆಳಗಿನ ಕೆಲಸ ಮುಗಿಯುವ ಹೊತ್ತಿಗೆ ನಮ್ಮ ಗೇಟಿನ ಮುಂದೆ ನಿಂತು, "ಇಲ್ಲಿ ಯಾವ್ದಾದ್ರೂ ಮನೆ ಖಾಲಿ ಇದ್ಯಾ?" ಎಂದು ಕೇಳಿದ ಗಂಡ ಹೆಂಡತಿ ನೀರಿನ ಮಾತನ್ನೇ ಎತ್ತಲಿಲ್ಲ. ಆಕೆಯ ಗಂಜಿ ಹಾಕಿದ ಸೀರೆಯ ನೆರಿಗೆ ಒಂದೂ ಕದಲಿರಲಿಲ್ಲ. ಬೀದಿ ಬೀದಿ ತಿರುಗಿ ಮನೆ ಹುಡುಕಿದವರ ನೆರಿಗೆ ಹಾಗಿರುವುದಿಲ್ಲ. ಇಬ್ಬರ ಬೆನ್ನೂ ಎದುರು ಮನೆಯ ಕಡೆಗಿತ್ತು, ಗಮನ ಮಾತ್ರ ಪೂರ್ತಿ ಅಲ್ಲೇ ಇತ್ತು.

ಬಿಸಿಲಲ್ಲಿ ಯಾಕೆ ನಿಲ್ಲುತ್ತೀರಿ ಎಂದು ವರಾಂಡಕ್ಕೆ ಕರೆದೆ. ಕೂತ ತಕ್ಷಣ ಆಕೆ, "ಎದುರು ಮನೆಯವ್ರು ಕೆಳಗಡೆ ಬಾಡಿಗೆಗೆ ಕೊಡ್ತಾರಂತೆ. ಜನ ಹೆಂಗೆ? ಒಬ್ನೇ ಮಗ ಅಲ್ವಾ ಅವ್ರಿಗೆ?" ಎಂದರು.

ಆಗ ಗೊತ್ತಾಯಿತು. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಹುಡುಗನ ಬೀದಿಗೆ ಬಂದು ವಿಚಾರಿಸುವುದು ಉಂಟು. ಜಾತಕ ಕೂಡಿದ ಮೇಲೂ, ಮೊಬೈಲಿನಲ್ಲಿ ಫೋಟೊ ನೋಡಿಯಾದ ಮೇಲೂ ಈ ಪದ್ಧತಿ ಬಿಟ್ಟುಹೋಗಿಲ್ಲ. ನೆಂಟರನ್ನು ಕೇಳಿದರೆ ನಿಜ ಹೇಳುವುದಿಲ್ಲವೆಂದು ಎದುರು ಮನೆಯವರನ್ನು ಕೇಳುತ್ತಾರೆ, ಇಸ್ತ್ರಿ ಅಂಗಡಿಯಲ್ಲಿ ಕೇಳುತ್ತಾರೆ. ಆದರೆ ಇದಕ್ಕಾಗಿಯೇ ಬಂದಿದ್ದೇವೆಂದು ಅವರು ಹೇಳಬಾರದು, ಗೊತ್ತಾಯಿತೆಂದು ನಾವು ತೋರಿಸಿಕೊಳ್ಳಬಾರದು.

ಇಂಥವರಿಗೆ ಉತ್ತರ ಕೊಡುವುದು ನಮ್ಮ ಮನೆಯಲ್ಲಿ ಇದುವರೆಗೂ ಅತ್ತೆಯವರ ಕೆಲಸ. ಅವರು ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತು ಈ ಬೀದಿಯ ಎಷ್ಟೋ ಮದುವೆಗಳನ್ನು ದಡ ಸೇರಿಸಿದ್ದಾರೆ. ಆಗ ಕಣ್ಣಿನ ಪೊರೆ ತೆಗೆಸಿಕೊಂಡು ಕೆ.ಆರ್. ಪುರದ ಮಗಳ ಮನೆಯಲ್ಲಿದ್ದರು. ಹಾಗಾಗಿ ಪ್ರಶ್ನೆ ಮೊದಲ ಸಲ ನನ್ನ ಮುಂದೆ ಬಂದು ನಿಂತಿತು.

"ನಿಮಗೆ ಗೊತ್ತಿರೋ ಹಾಗೆ, ಹುಡುಗ ಹೆಂಗೆ?"

ಎದುರು ಮನೆಯವರು ಹಲಸೂರಿನ ಹಳೆಯ ಜನ. ಹಿಂದೆ ತರಕಾರಿ ತೋಟ ಮಾಡುತ್ತಿದ್ದವರು, ಈಗ ಮೇಲೆ ತಾವಿದ್ದು ಕೆಳಗಿನ ರೂಮುಗಳನ್ನು ಬಾಡಿಗೆಗೆ ಕೊಟ್ಟಿದ್ದಾರೆ. ಮಗ ಕೆ.ಆರ್. ಪುರದ ಕಡೆ ಟೈಲ್ಸ್ ಅಂಗಡಿ ಇಟ್ಟಿದ್ದಾನೆ. ಹಿಂದೆ ಎರಡು ಸಂಬಂಧಗಳು ಮಾತಿನವರೆಗೆ ಬಂದು ತಪ್ಪಿಹೋಗಿದ್ದವು. ಅವನ ತಾಯಿ ನನಗೆ ಸ್ನೇಹಿತೆಯೇ ಸರಿ. ಅವರ ಮನೆಯ ಹಿತಕಿದಬೇಳೆ ಸಾರು ಸ್ಟೀಲ್ ಡಬ್ಬಿಯಲ್ಲಿ ಬರುತ್ತದೆ, ನಾನು ಆ ಡಬ್ಬಿಯನ್ನು ಎಂದೂ ಖಾಲಿ ವಾಪಸು ಕಳಿಸಿಲ್ಲ. ಈ ಸಂಬಂಧವಾದರೂ ಕುದುರಲಿ ಎಂದು ಆಕೆ ಪ್ರತಿ ಸೋಮವಾರ ಸೋಮೇಶ್ವರನ ಗುಡಿಗೆ ಹೋಗಿ ಬರುತ್ತಿದ್ದುದು ನನಗೆ ಗೊತ್ತಿತ್ತು.

'ಒಳ್ಳೆ ಹುಡುಗ' ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವನ ಕಾರು ಕಣ್ಣ ಮುಂದೆ ಬಂತು.

ಸಂಜೆ ದೇವರ ದೀಪ ಹಚ್ಚಿ ನಾನು ಕುಂಡಗಳಿಗೆ ನೀರು ಹಾಕುವ ಹೊತ್ತಿಗೆ ಆ ಬಿಳಿ ಕಾರು ಬರುತ್ತದೆ. ಅವರ ಮನೆಯ ಮುಂದೆ ಬಾಡಿಗೆಯವರ ಬೈಕುಗಳು ತುಂಬಿರುವುದರಿಂದ ನಮ್ಮ ಕಾಂಪೌಂಡಿನ ಪಕ್ಕ ಹೊಂಗೆ ಮರದ ಕೆಳಗೆ ನಿಲ್ಲಿಸುತ್ತಾನೆ. ಇಂಜಿನ್ ಆರುತ್ತದೆ, ಲೈಟ್ ಆರುತ್ತದೆ, ಬಾಗಿಲು ಮಾತ್ರ ತೆಗೆಯುವುದಿಲ್ಲ. ಕೂತೇ ಇರುತ್ತಾನೆ. ನಾನು ಒಳಗೆ ಹೋಗಿ ಕುಕ್ಕರ್ ಇಟ್ಟು, ಅದು ಕೂಗಿ ಆರಿ, ಮುಚ್ಚಳ ತೆಗೆದು ಮತ್ತೆ ಕಿಟಕಿಯಲ್ಲಿ ನೋಡಿದರೂ ಕೂತೇ ಇರುತ್ತಾನೆ. ಕೆಲವು ದಿನ ಹಣೆ ಸ್ಟೀರಿಂಗ್ ಮೇಲಿರುತ್ತದೆ. ಕೆಲವು ದಿನ ಸುಮ್ಮನೆ ಮುಂದೆ ನೋಡುತ್ತಿರುತ್ತಾನೆ, ಮುಂದಿರುವುದು ನಮ್ಮ ಪಕ್ಕದ ಮನೆಯ ಗೋಡೆ. ಆಮೇಲೆ ಇಳಿದು, ಮೆಟ್ಟಿಲ ಹತ್ತಿರ ಹೋಗುತ್ತಿದ್ದಂತೆ, "ಅಮ್ಮಾ, ಊಟ ಏನಿವತ್ತು?" ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗುತ್ತಾನೆ. ಆ ದನಿಯಲ್ಲಿ ಎಷ್ಟು ಉತ್ಸಾಹವೆಂದರೆ, ಕಾರಿನಲ್ಲಿ ಕೂತಿದ್ದವನು ಒಬ್ಬ, ಮೆಟ್ಟಿಲು ಹತ್ತುವವನು ಇನ್ನೊಬ್ಬ ಅನ್ನಿಸಬೇಕು.

ಇದು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯಲಿಲ್ಲ. ಹೇಳಬೇಕೋ ಬೇಡವೋ ಅದೂ ತಿಳಿಯಲಿಲ್ಲ.

"ಒಳ್ಳೆಯವ್ರು," ಎಂದೆ. ಎಷ್ಟೋ ಹೊತ್ತಿನ ಮೇಲೆ ಹೇಳಿದಂತೆ ನನಗೇ ಕೇಳಿಸಿತು. "ಕಾಫಿ ತಗೋತೀರಾ?" ಎಂದು ಅಡುಗೆಮನೆಗೆ ನಡೆದೆ. ತಟ್ಟೆ ಹಿಡಿದು ಬರುವಾಗ ಅವರಿಬ್ಬರ ಮುಖದಲ್ಲೂ ಏನೋ ತೀರ್ಮಾನವಾದ ಹಾಗಿತ್ತು. ಅದುವರೆಗೆ ಬಾಯಿ ಬಿಡದ ಆ ಗಂಡಸು ಒಂದು ಗುಟುಕು ಕುಡಿದು, "ನೀರು ಹೆಂಗಿದೆ ಇಲ್ಲಿ?" ಎಂದರು. ಹೋಗುವಾಗ ಆಕೆ, ಮನೆ ಖಾಲಿಯಾದರೆ ತಿಳಿಸಿ ಎಂದು ಫೋನ್ ನಂಬರ್ ಕೊಟ್ಟರು.

ಮಧ್ಯಾಹ್ನ ಅತ್ತೆಗೆ ಫೋನ್ ಮಾಡಿದೆ.

"ನೀನೇನಂದೆ?"

"ಒಳ್ಳೆಯವ್ರು ಅಂದೆ, ಅತ್ತೆ."

"ಕೇಳಿದ ತಕ್ಷಣ ಅಂದ್ಯಾ?"

"ಸ್ವಲ್ಪ ಯೋಚ್ನೆ ಮಾಡಿ..."

"ಅಯ್ಯೋ, ಯೋಚ್ನೆ ಮಾಡಿದ್ಯಾ! ಆಮೇಲೆ?"

"ಕಾಫಿ ಮಾಡೋಕ್ ಹೋದೆ."

ಫೋನಿನಲ್ಲಿ ನಿಟ್ಟುಸಿರು ಕೇಳಿಸಿತು. "ಮುಗೀತು. ಆ ಹುಡುಗನ ಕಥೆ ಮುಗಿಸ್ಬಿಟ್ಟೆ ನೀನು. ಅಲ್ಲಾ ಕಣಮ್ಮಾ, ಒಳ್ಳೆಯವ್ನು ಅಂತ ಎಲ್ರೂ ಹೇಳ್ತಾರೆ. ಕುಡುಕನ ಬಗ್ಗೇನೂ ಹಂಗೇ ಹೇಳೋದು. ಅವ್ರು ಮಾತು ಕೇಳೋಕ್ ಬರ್ತಾರಾ? ಎಷ್ಟು ಬೇಗ ಹೇಳ್ತೀಯ ಅಂತ ನೋಡೋಕ್ ಬರ್ತಾರೆ. ಕಾಫಿಗೆ ಎದ್ದು ಹೋದ್ರೆ, ಹೇಳೋಕಾಗ್ದೇ ಇರೋದು ಏನೋ ಇದೆ ಅಂತ್ಲೇ ಅರ್ಥ. ಇಷ್ಟು ವರ್ಷ ನನ್ನ ಪಕ್ಕದಲ್ಲೇ ಕೂತು ಬಟಾಣಿ ಸುಲಿದಿದೀಯ, ಇಷ್ಟೂ ಗೊತ್ತಾಗ್ಲಿಲ್ವಾ?"

ಗೊತ್ತಾಗಿರಲಿಲ್ಲ. ನಾನು ಬಟಾಣಿ ನೋಡುತ್ತಿದ್ದೆ.

ನಾನು ಓದಿದ್ದು ಶಿವಾಜಿನಗರದ ಹತ್ತಿರದ ಒಂದು ಕಾನ್ವೆಂಟಿನಲ್ಲಿ. ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದ ಸಿಸ್ಟರ್ ಒಬ್ಬರಿದ್ದರು, ಮೃದು ಮಾತಿನವರು. ಪರವಾಗಿ ಬರೆದುಕೊಂಡು ಬಾ ಎಂದು ವಾರವಿಡೀ ಅಭ್ಯಾಸ ಮಾಡಿಸಿ, ವೇದಿಕೆ ಹತ್ತುವ ಮುಂಚೆ ಬೆನ್ನು ಸವರಿ, "ಈಗ ವಿರೋಧವಾಗಿ ಮಾತಾಡು ಮಗು" ಎನ್ನುತ್ತಿದ್ದರು. ಇನ್ನೊಬ್ಬರ ಜಾಗದಲ್ಲಿ ನಿಂತು ನೋಡದೆ ಅಭಿಪ್ರಾಯ ಹುಟ್ಟುವುದಿಲ್ಲ ಎಂಬುದು ಅವರ ನಂಬಿಕೆ. ನಾನು ಇದರಲ್ಲಿ ಬಹಳ ಜಾಣೆಯಾಗಿ ಬಹುಮಾನಗಳನ್ನು ತಂದೆ. ಆದರೆ ಎರಡೂ ಕಡೆ ನಿಂತು ನೋಡಿದ ಮೇಲೆ ಎಲ್ಲಿಗೆ ಬಂದು ಕೂರಬೇಕು ಎಂದು ಅವರು ಹೇಳಿದ ನೆನಪಿಲ್ಲ, ಅಥವಾ ಹೇಳಿದ ದಿನ ನಾನು ಶಾಲೆಗೆ ಹೋಗಿರಲಿಲ್ಲವೋ ಏನೋ. ಇವತ್ತಿಗೂ ಕರ್ಟನ್ ಬಟ್ಟೆ ಆರಿಸಲು ಹೋದರೆ ನಮ್ಮ ಯಜಮಾನರು ಅಂಗಡಿಯವನಿಗೆ ಮೊದಲೇ ಹೇಳಿಬಿಡುತ್ತಾರೆ, "ಇವ್ರಿಗೆ ಎರಡಕ್ಕಿಂತ ಜಾಸ್ತಿ ತೋರಿಸ್ಬೇಡಿ." ಆ ಎರಡರಲ್ಲೇ ನಾನು ಸಿಕ್ಕಿಹಾಕಿಕೊಳ್ಳುತ್ತೇನೆ ಎಂಬುದು ಅವರಿಗೆ ಇನ್ನೂ ತಿಳಿದಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಅವರನ್ನೇ ಕೇಳಿದೆ. "ಕೆ.ಆರ್. ಪುರದಿಂದ ಆ ಟಿನ್ ಫ್ಯಾಕ್ಟರಿ ಟ್ರಾಫಿಕ್ಕಲ್ಲಿ ಬಂದವ್ನು ಕೂರದೆ ಕುಣೀತಾನಾ? ನೀನು ಇದ್ರಲ್ಲಿ ತಲೆ ಹಾಕ್ಬೇಡ," ಎಂದು ಮೊಸರು ಕಲಸಿಕೊಂಡರು. ನಾನು ತಲೆ ಹಾಕಿಯಾಗಿತ್ತು ಎಂಬುದೇ ಸಮಸ್ಯೆ.

ಸರಿ, ಒಂದು ಅಭಿಪ್ರಾಯ ಮಾಡಿಕೊಳ್ಳಲೇಬೇಕು ಎಂದು ನಿಶ್ಚಯಿಸಿ, ನೆನಪಿರುವುದನ್ನೆಲ್ಲ ಜೋಡಿಸಿದೆ. ಅವನು ಕಾರಿನ ಬಾಗಿಲನ್ನು ಎಂದೂ ಧಡಾರನೆ ಹಾಕಿದವನಲ್ಲ. ಅತ್ತೆಗೆ ಆಪರೇಷನ್ ಆದ ದಿನ ಕೇಳದೆಯೇ ಆಸ್ಪತ್ರೆಗೆ ಕಾರು ತಂದಿದ್ದ, ಆದರೆ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಒಮ್ಮೆ ಅವನನ್ನು ಅಟ್ಟಿಸಿಕೊಂಡು ಬಂದ ಬೀದಿ ನಾಯಿಗೆ ಕಲ್ಲು ಎತ್ತಿದ್ದ, ಆಮೇಲೆ ಎಸೆಯದೆ ಅದನ್ನು ನಮ್ಮ ಕಾಂಪೌಂಡಿನ ಮೇಲಿಟ್ಟು ಹೋದ. ಕಲ್ಲು ಎತ್ತಿದ್ದನ್ನು ಲೆಕ್ಕಕ್ಕೆ ಹಿಡಿಯಬೇಕೋ, ಎಸೆಯದಿದ್ದುದನ್ನು ಹಿಡಿಯಬೇಕೋ? ಆ ಕಲ್ಲು ಎಷ್ಟೋ ದಿನ ಅಲ್ಲೇ ಇತ್ತು. ನಾನೂ ತೆಗೆಯಲಿಲ್ಲ.

ಎದುರು ಮನೆಯ ಕೆಳಗಿನ ರೂಮಿನಲ್ಲಿ ಯಾದಗಿರಿ ಕಡೆಯ ಸಂಸಾರವಿದೆ. ಆ ಹೆಣ್ಣುಮಗಳು ರಂಗೋಲಿ ಹಾಕುತ್ತಿದ್ದಾಗ ಮೆಲ್ಲಗೆ ಮಾತು ತೆಗೆದೆ. "ಅಣ್ಣಾರು ಭಾಳ ಛಲೋ ಅದಾರ್ರೀ," ಎಂದು ತಕ್ಷಣ ಹೇಳಿ, ನನ್ನ ಮುಖ ನೋಡಿ ನಕ್ಕಳು. "ಯಾಕ್ರೀ ಅಕ್ಕಾರ, ನಿಮ್ಮ ಕಡೀದು ಹುಡುಗಿ ಐತೇನು?" ತಕ್ಷಣ ಹೇಳಿದಳಲ್ಲ ಎಂದು ಒಂದು ಕ್ಷಣ ಸಮಾಧಾನವಾಯಿತು. ಮನೆಯ ಮಾಲೀಕನ ಬಗ್ಗೆ ಇನ್ನೇನು ಹೇಳಿಯಾಳು ಎಂದು ಆ ಸಮಾಧಾನವೂ ಹೋಯಿತು.

ಅಷ್ಟರಲ್ಲಿ ಹುಡುಗನ ತಾಯಿಯೇ ಡಬ್ಬಿ ಹಿಡಿದುಕೊಂಡು ಬಂದರು. ಒಳಗೆ ಒಬ್ಬಟ್ಟಿನ ಸಾರು. ಹಾಕಿಸಿಕೊಳ್ಳುವ ಪಾತ್ರೆ ತರುವುದರೊಳಗೆ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದರು.

"ಹುಡುಗಿ ಕಡೆಯವ್ರು ಫೋನೇ ಎತ್ತುತಿಲ್ಲ ಕಣ್ರೀ. ಜಾತಕ ಅಷ್ಟು ಚೆನ್ನಾಗಿ ಕೂಡಿತ್ತು. ಬೀದೀಲಿ ಯಾರೋ ಏನೋ ಅಂದಿರ್ಬೇಕು. ನಿಮ್ಮ ಮನೆಗಾದ್ರೂ ಬಂದಿದ್ರೆ ನಂಗೆ ಚಿಂತೇನೇ ಇರ್ಲಿಲ್ಲ. ಆ ಇಸ್ತ್ರಿ ಅಂಗಡಿಗೇ ಹೋಗಿರ್ತಾರೆ, ಅವ್ನಿಗೂ ನಮ್ಗೂ ಒಂದು ಷರಟು ಸುಟ್ಟಾಗಿಂದ ಆಗಲ್ಲ."

ನಾನು ಪಾತ್ರೆ ಹಿಡಿದುಕೊಂಡೇ ನಿಂತಿದ್ದೆ. "ಬಂದಿದ್ರು," ಎಂದೆ.

ಆಕೆಯ ಮುಖ ಅರಳಿತು. "ಬಂದಿದ್ರಾ? ಮತ್ತೆ ಸರಿ ಬಿಡಿ, ನೀವು ಚೆನ್ನಾಗೇ ಹೇಳಿರ್ತೀರ!"

ಆಕೆ ಮೆಟ್ಟಿಲಿಳಿದು ಹೋದ ಮೇಲೆ, ಆವತ್ತು ಬಂದವರು ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದೆ. ಎತ್ತಿದವರು ಅದೇ ಹೆಂಗಸು, ಹುಡುಗಿಯ ಚಿಕ್ಕಮ್ಮ.

"ಓ, ಮನೆ ಖಾಲಿ ಆಯ್ತಾ?" ಎಂದರು, ಇನ್ನೂ ಆ ನಾಟಕ ಬಿಡದೆ.

"ಮನೆ ವಿಷಯ ಅಲ್ಲ. ಎದುರು ಮನೆ ಹುಡುಗನ ವಿಷಯ. ಆವತ್ತು ನಾನು ಸರಿಯಾಗಿ ಹೇಳ್ಲಿಲ್ಲ."

 ಅವರು ದನಿ ತಗ್ಗಿಸಿ, "ನಾಳೆ ಕಮರ್ಷಿಯಲ್ ಸ್ಟ್ರೀಟಿಗೆ ಬರ್ತಾ ಇದೀವಿ, ಬ್ಲೌಸ್ ಪೀಸ್ ತಗೊಳ್ಳೋಕೆ. ಹುಡುಗೀನೂ ಬರ್ತಾಳೆ. ಅವ್ಳೇ ನಿಮ್ಮನ್ನ ನೋಡ್ಬೇಕು ಅಂತಿದ್ಲು," ಎಂದರು.

ಮೆಟ್ರೊದಲ್ಲಿ ಎಂ.ಜಿ. ರಸ್ತೆಯವರೆಗೆ ಹೋಗಿ ಅಲ್ಲಿಂದ ನಡೆದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ. ಆ ತಾಯಿಯ ಮುಖ ನೆನೆದರೆ 'ಒಳ್ಳೆ ಹುಡುಗ' ಎಂದುಬಿಡಬೇಕು ಅನ್ನಿಸುತ್ತಿತ್ತು. ಎದುರಿಗೆ ಕೂರುವ ಹುಡುಗಿಯನ್ನು ನೆನೆದರೆ, ನಾಳೆ ಅವಳ ಬದುಕು ಏನಾದರೂ ಆದರೆ ಎನ್ನುವ ಭಯ. ಎರಡು ಪರವಾಗಿ, ಎರಡು ವಿರೋಧವಾಗಿ ಎಂದು ಎಣಿಸುತ್ತ ಅವರು ಹೇಳಿದ್ದ ಅಂಗಡಿ ದಾಟಿ ಮುಂದೆ ಹೋಗಿಬಿಟ್ಟಿದ್ದೆ.

ಅದು ಇಕ್ಕಟ್ಟಾದ ಮ್ಯಾಚಿಂಗ್ ಸೆಂಟರ್. ಗೋಡೆಯ ತುಂಬ ಬಣ್ಣದ ಬಟ್ಟೆಯ ಸುರುಳಿಗಳು. ಅಂಗಡಿಯಾತ ಚಿಕ್ಕಮ್ಮ ತಂದಿದ್ದ ಸೀರೆಯ ತುದಿಯ ಪಕ್ಕದಲ್ಲಿ ಒಂದು ತುಂಡು ಹಿಡಿದು, "ಯೇ ದೇಖೋ ಅಮ್ಮಾ, ಪಕ್ಕಾ ರಾಮಾ ಗ್ರೀನ್. ಬೇಕಾದ್ರೆ ಹೊರಗೆ ಬಿಸಿಲಲ್ಲಿ ನೋಡ್ಕೊಂಡ್ ಬನ್ನಿ," ಎಂದು ಕೈಗಿಟ್ಟ. ಟ್ಯೂಬ್ ಲೈಟನ್ನು ನಂಬಬಾರದು ಎಂಬುದು ಆ ಅಂಗಡಿಗಳಲ್ಲಿ ಎಲ್ಲರಿಗೂ ಗೊತ್ತು. ಚಿಕ್ಕಮ್ಮ ಸೀರೆಯನ್ನೂ ತುಂಡನ್ನೂ ಹಿಡಿದು ಬೀದಿಗಿಳಿದರು. ಸ್ಟೂಲುಗಳ ಮೇಲೆ ನಾನು, ಹುಡುಗಿ ಇಬ್ಬರೇ ಉಳಿದೆವು.

ತೆಳ್ಳಗಿನ ಹುಡುಗಿ, ಕೈಗೆ ಗಂಡಸರು ಕಟ್ಟುವಂಥ ದೊಡ್ಡ ವಾಚು. ಅವಳೇ ಶುರು ಮಾಡಿದಳು. "ಆಂಟಿ, ನೀವು ಕಾಫಿ ಮಾಡೋಕೆ ಹೋಗ್ಬಿಟ್ರಂತೆ."

ನನ್ನ ಕಿವಿ ಬಿಸಿಯಾಯಿತು.

"ಬೇಜಾರ್ ಮಾಡ್ಕೋಬೇಡಿ. ಮನೇಲಿ ಎಲ್ರೂ ಈ ಸಂಬಂಧ ಬೇಡ ಅಂದ್ಬಿಟ್ರು. ನಂಗೆ ಮಾತ್ರ, ಎಲ್ರೂ ಒಳ್ಳೆಯವ್ನು ಅಂದಿರೋವಾಗ ಒಬ್ರು ಕಾಫಿಗೆ ಎದ್ದು ಹೋದ್ರು ಅಂದ್ರೆ, ಅವ್ರು ಏನೋ ನಿಜವಾಗ್ಲೂ ನೋಡಿದಾರೆ ಅನ್ನಿಸ್ತು. ಏನು ನೋಡಿದ್ರಿ ಆಂಟಿ?"

ಹೇಳಿದೆ. ಹೊಂಗೆ ಮರ, ಕಾರು, ಸ್ಟೀರಿಂಗ್ ಮೇಲಿನ ಹಣೆ, ಆಮೇಲಿನ ಆ ಜೋರು ದನಿ. ಕಲ್ಲಿನ ವಿಷಯವನ್ನೂ ಹೇಳಿದೆ. ನಾನು ಹೇಳುತ್ತಿದ್ದುದು ಚಾಡಿಯೋ ಸಾಕ್ಷಿಯೋ ಎಂದು ಹೇಳುತ್ತಲೇ ಅನುಮಾನವಾಗುತ್ತಿತ್ತು.

ಅವಳು ವಾಚಿನ ಪಟ್ಟಿಯನ್ನು ಸರಿಸಿಕೊಳ್ಳುತ್ತ ಕೇಳಿದಳು. "ಗ್ಲಾಸ್ ಏರಿಸಿರ್ತಾರಾ, ಇಳಿಸಿರ್ತಾರಾ?"

ಇಂಥ ಪ್ರಶ್ನೆಗೆ ನನ್ನಲ್ಲಿ ಉತ್ತರವಿದ್ದುದು ನನಗೇ ಆಶ್ಚರ್ಯ. "ಇಳಿಸಿರ್ತಾನೆ. ಒಂದು ಕೈ ಹೊರಗಿಟ್ಟಿರ್ತಾನೆ."

"ಫೋನು?"

"ಕೈಯಲ್ಲಿರಲ್ಲ. ಇದ್ದಿದ್ರೆ ಮುಖದ ಮೇಲೆ ಬೆಳಕು ಕಾಣ್ತಿತ್ತು."

"ಹೂಂ," ಎಂದಳು. ಅದು ಎಂಥ ಹೂಂ ಎಂದು ತಿಳಿಯಲಿಲ್ಲ. "ನಿಮಗೇನನ್ಸುತ್ತೆ?"

"ನಂಗೆ ಎರಡೂ ಅನ್ಸುತ್ತಮ್ಮ. ಹೊರಗಿನ ಬೇಸರ ಹೊರಗೇ ಬಿಟ್ಟು ಬರ್ತಾನೆ ಅಂತಾನೂ ಅನ್ಸುತ್ತೆ. ಮನೆಯವ್ರ ಹತ್ರ ಏನೂ ಹೇಳ್ಕೊಳ್ದೆ ಮುಚ್ಚಿಡೋ ಜಾತಿ ಅಂತಾನೂ ಅನ್ಸುತ್ತೆ. ಯಾವ್ದು ಸರಿ ಅಂತ ದೇವರಾಣೆಗೂ ಗೊತ್ತಿಲ್ಲ."

ಅವಳು ಗೋಡೆಯ ಬಣ್ಣಗಳನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗದೆ, "ನಮ್ಮಪ್ಪ ಗಾಡಿ ನಿಲ್ಲಿಸಿ ನೇರ ಒಳಗೇ ಬರ್ತಾರೆ ಆಂಟಿ," ಎಂದಳು. "ಎಲ್ಲಾ ಹೊತ್ಕೊಂಡೇ ಬರ್ತಾರೆ."

ಅದು ಅಪ್ಪನ ಮೇಲಿನ ಹೆಮ್ಮೆಯೋ ದೂರೋ ಎಂದು ಕೇಳಬೇಕೆನ್ನುವಷ್ಟರಲ್ಲಿ ಚಿಕ್ಕಮ್ಮ ಬಂದರು. "ಒಳಗೆ ಹಸಿರು, ಹೊರಗೆ ನೀಲಿ. ಇದೇನ್ರೀ ಬಣ್ಣ ಇದು!" ಎಂದು ತುಂಡನ್ನು ಕೌಂಟರಿನ ಮೇಲೆ ಹಾಕಿದರು. ಅಂಗಡಿಯಾತ ಇನ್ನೊಂದು ತೆಗೆದ.

ಮನೆಗೆ ಬರುವಾಗ ನನ್ನ ಮನಸ್ಸು ಹಗುರವಾಗಬೇಕಿತ್ತು, ಆಗಲಿಲ್ಲ. ನಾನು ಕೊಟ್ಟಿದ್ದು ಅಭಿಪ್ರಾಯವಲ್ಲ, ಇಳಿಸಿದ ಗಾಜು ಮತ್ತು ಒಂದು ಕೈ. ಅದರಿಂದ ಅವಳು ಏನು ಅರ್ಥ ಮಾಡಿಕೊಂಡಳೋ ತಿಳಿಯದು. ಸರಿಯಾಗಿ ತೀರ್ಮಾನಿಸುವುದು ಎಂದರೆ ಕಂಡದ್ದನ್ನು ಕಂಡಷ್ಟೇ ಹೇಳಿ ಕೈಬಿಡುವುದೋ? ಅಥವಾ ಕೈಬಿಡುವುದಕ್ಕೆ ಅದೊಂದು ನೆಪವೋ? ಸಿಸ್ಟರ್ ಇದ್ದಿದ್ದರೆ ಬೆನ್ನು ಸವರಿ, ಈಗ ಇನ್ನೊಂದು ಕಡೆಯಿಂದ ಹೇಳು ಎನ್ನುತ್ತಿದ್ದರು.

ಆ ವಾರವೇ ಎದುರು ಮನೆಯ ಫೋನ್ ಮತ್ತೆ ಮಾತಾಡತೊಡಗಿತು. ಹುಡುಗ ಹುಡುಗಿ ಇಬ್ಬರೂ ಇಂದಿರಾನಗರದ ನೂರಡಿ ರಸ್ತೆಯ ಯಾವುದೋ ಹೋಟೆಲಿನಲ್ಲಿ ಕೂತು ಮಾತಾಡಿ ಬಂದರು. ಆತನ ತಾಯಿ ಕಾಂಪೌಂಡಿನ ಮೇಲಿಂದಲೇ, "ಹುಡುಗಿ ಇನ್ನೊಂದೇ ಒಂದು ವಿಷಯ ಕೇಳಿದಾಳಂತೆ, ಅದಾದ್ರೆ ತಾಂಬೂಲವಂತೆ. ಏನು ಅಂತ ಇವ್ನು ಬಾಯೇ ಬಿಡಲ್ಲ," ಎಂದು ವರದಿ ಒಪ್ಪಿಸಿದರು. ಅಷ್ಟರಲ್ಲಿ ಅತ್ತೆಯೂ ಕಪ್ಪು ಕನ್ನಡಕ ಹಾಕಿಕೊಂಡು ವಾಪಸಾಗಿ ಬೆತ್ತದ ಕುರ್ಚಿ ಏರಿದ್ದರು.

ಮರುದಿನ ಸಂಜೆ ಕುಂಡಗಳಿಗೆ ನೀರು ಹಾಕುತ್ತಿದ್ದೆ. ಕಾರು ಬಂದು ನಿಂತಿತು. ಇಂಜಿನ್ ಆರಿತು, ಲೈಟ್ ಆರಿತು. ನಾನು ಆ ಕಡೆ ನೋಡಬಾರದೆಂದು ಒಂದೇ ಕುಂಡಕ್ಕೆ ನೀರು ಸುರಿಯುತ್ತ ನಿಂತೆ.

"ಆಂಟಿ," ಎಂದ. "ನೀವು ಹೇಳಿದ್ರಂತೆ."

ಕೈಯಲ್ಲಿದ್ದ ಮಗ್ಗನ್ನು ಕಾಂಪೌಂಡಿನ ಮೇಲಿಟ್ಟೆ. "ತಪ್ಪಾಯ್ತೇನಪ್ಪಾ?"

"ಗೊತ್ತಿಲ್ಲ ಆಂಟಿ. ಕಾರಲ್ಲಿ ಕೂತು ಏನ್ ಮಾಡ್ತೀರಾ ಅಂತ ಅವ್ರು ಕೇಳಿದ್ರು. ನಂಗೇ ಗೊತ್ತಿಲ್ಲ ಅಂದೆ. ನಿಜವಾಗ್ಲೂ ಗೊತ್ತಿಲ್ಲ." ಹೊರಗಿಟ್ಟ ಕೈಯ ಬೆರಳುಗಳು ಬಾಗಿಲನ್ನು ಮೆಲ್ಲಗೆ ಬಡಿಯುತ್ತಿದ್ದವು. "ಮದ್ವೆ ಆದ್ಮೇಲೆ ಒಂದೊಂದು ದಿನ ನಾನೂ ಬಂದು ಪಕ್ಕದಲ್ಲಿ ಕೂತ್ಕೋಬಹುದಾ ಅಂತ ಕೇಳಿದ್ರು."

"ನೀನೇನಂದೆ?"

"ಇನ್ನೂ ಏನೂ ಅಂದಿಲ್ಲ. ಅದನ್ನೇ ಯೋಚ್ನೆ ಮಾಡ್ತಿದೀನಿ."

ನಾನು ಒಳಗೆ ಬಂದೆ. ಕಪ್ಪು ಕನ್ನಡಕದ ಹಿಂದಿನಿಂದ ಅತ್ತೆ, "ಏನಂತೆ?" ಎಂದರು. ಹೇಳಿದೆ.

"ಯೋಚ್ನೆ ಮಾಡ್ತಾ ಇದಾನಾ? ಹೂಂ ಅನ್ನೋಕೆ ಎಷ್ಟು ಹೊತ್ತು ಬೇಕಂತೆ?"

ಆ ಹುಡುಗಿ ಕೇಳಿದ್ದು ಸಣ್ಣ ವಿಷಯವಲ್ಲ, ತಕ್ಷಣ ಹೂಂ ಎಂದಿದ್ದರೆ ನಾನು ನಂಬುತ್ತಿರಲಿಲ್ಲ ಎಂದು ಹೇಳಬೇಕೆನ್ನಿಸಿತು. ಆದರೆ ತಡ ಮಾಡಿದ್ದಕ್ಕೇ ನನ್ನಿಂದ ಒಂದು ಸಂಬಂಧ ಮುರಿಯುವುದರಲ್ಲಿತ್ತು, ಹಾಗಾಗಿ ಹೇಳಲಿಲ್ಲ. ಕುಕ್ಕರ್ ಇಟ್ಟೆ. ಅದು ಕೂಗಿತು, ಆರಿತು. ಕಿಟಕಿಯಲ್ಲಿ ನೋಡಿದಾಗ ಮೊದಲ ಬಾರಿಗೆ ಅವನ ಮುಖದ ಮೇಲೆ ಫೋನಿನ ಬೆಳಕಿತ್ತು. ಏನೋ ಬರೆಯುತ್ತಿದ್ದ. ಅಳಿಸಿದ, ಮತ್ತೆ ಬರೆದ. ಆಮೇಲೆ ಬೆಳಕು ಆರಿತು. ಇಳಿದವನು ನಮ್ಮ ಗೇಟಿನ ಹತ್ತಿರ ಒಂದು ಕ್ಷಣ ನಿಂತು, ಕಿಟಕಿಯಲ್ಲಿ ನನ್ನನ್ನು ಕಂಡು, "ಹೂಂ ಅಂತ ಕಳ್ಸಿದೆ ಆಂಟಿ," ಎಂದ. ಬೀದಿ ದಾಟಿ ಮೆಟ್ಟಿಲು ಹತ್ತಿದ.

ಆ ಕೂಗು ಬರಲಿಲ್ಲ. ಊಟ ಏನು ಎಂದು ಕೇಳಲಿಲ್ಲ. ಮೇಲೆ ಬಾಗಿಲು ತೆರೆದ ಸದ್ದು, ಅವನ ತಾಯಿಯ ಗಾಬರಿಯ ದನಿ, "ಯಾಕೋ, ಏನಾಯ್ತೋ?" ಆಮೇಲೆ ಅವನದು, ಬೀದಿಗೆ ಅರ್ಧ ಮಾತ್ರ ಕೇಳುವಷ್ಟು, "ಏನಿಲ್ಲಮ್ಮ. ಸುಸ್ತಾಗಿದೆ."

ಅತ್ತೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಈ ಬೀದಿಯ ಸದ್ದುಗಳನ್ನು ಅವರು ಕಣ್ಣಿಲ್ಲದೆಯೂ ಓದಬಲ್ಲರು. "ಇವತ್ತು ಅವ್ನು ಕೂಗ್ಲಿಲ್ವಲ್ಲ?"

"ಇಲ್ಲ ಅತ್ತೆ."

"ಯಾವತ್ತೂ ಹಿಂಗೆ ಮಾಡಿದವ್ನಲ್ಲ." ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತು, ನನ್ನ ಕಡೆ ತಿರುಗಿದರು. ಮದುವೆಯಾಗಿ ಬಂದ ಮೇಲೆ ಇಂಥ ವಿಷಯದಲ್ಲಿ ಅವರು ನನ್ನನ್ನು ಕೇಳಿದ ನೆನಪಿಲ್ಲ. "ನಿಂಗೇನನ್ಸುತ್ತೆ ಕಣೇ? ಇದು ಒಳ್ಳೇದಾ, ಕೆಟ್ಟದ್ದಾ?"

ನಾನು ಕಿಟಕಿಯಾಚೆ ಖಾಲಿ ಕಾರನ್ನು ನೋಡಿದೆ. ಗಾಜು ಏರಿಸುವುದನ್ನು ಮರೆತು ಹೋಗಿದ್ದ.

"ಕಾಫಿ ತಗೋತೀರಾ, ಅತ್ತೆ?" ಎಂದೆ.